ಸಿನಿಮಾ ಹಾಡನ್ನು ಶಾಲೆಯ ವೃಂದಗಾನಕ್ಕೆ ಒಗ್ಗಿಸುವುದು: ಆಯ್ಕೆಯಿಂದ ವೇದಿಕೆಯವರೆಗೆ

ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ಸಂಗೀತದ ಮೇಷ್ಟ್ರಿಗೆ ಮಕ್ಕಳಿಂದ ಬರುವ ಬೇಡಿಕೆ ಒಂದೇ: "ಸರ್, ಈ ಸಲ ಸಿನಿಮಾ ಹಾಡು." ಬೇಡ ಎನ್ನಲು ನನಗಂತೂ ಕಾರಣ ಕಾಣುವುದಿಲ್ಲ. ಆಗಲೇ ಬಾಯಿಗೆ ಬಂದಿರುವ ಹಾಡು, ಪದ ಕಲಿಸುವ ಕೆಲಸ ತಪ್ಪಿತು. ತೊಂದರೆ ಶುರುವಾಗುವುದು ಆಮೇಲೆ. ಯೂಟ್ಯೂಬಿನಿಂದ ಒಂದು ಕರೋಕೆ ಟ್ರ್ಯಾಕ್ ಇಳಿಸಿಕೊಂಡು, ನಲವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎರಡು ಮೈಕ್ ಕೊಟ್ಟು ಹಾಡಿಸುತ್ತೇವೆ. ಪಲ್ಲವಿ ಹೇಗೋ ದಾಟುತ್ತದೆ. ಚರಣದ ಕೆಳಗಿನ ಸ್ವರಗಳಲ್ಲಿ ದನಿಯೇ ಕೇಳುವುದಿಲ್ಲ, ಮೇಲಿನ ಸ್ವರಗಳಲ್ಲಿ ಬರೀ ಕಿರುಚಾಟ. ಮಕ್ಕಳಿಗೆ ಹಾಡಲು ಬರುವುದಿಲ್ಲ ಎಂದು ಎದುರು ಕೂತವರು ಅಂದುಕೊಳ್ಳುತ್ತಾರೆ.

ಮಕ್ಕಳಿಗೆ ಬರುತ್ತದೆ. ಹಾಡು ಮಾತ್ರ ಅವರಿಗಾಗಿ ಇರಲಿಲ್ಲ. ಸಿನಿಮಾ ಹಾಡು ಸ್ಟುಡಿಯೋದಲ್ಲಿ ಒಬ್ಬ ಪಳಗಿದ ಗಾಯಕನಿಗಾಗಿ ಹುಟ್ಟಿದ್ದು. ಸಾಲು ಸಾಲಾಗಿ ಮುದ್ರಣಗೊಂಡು, ಪಿಚ್ ತಿದ್ದಿಸಿಕೊಂಡು ಹೊರಬಂದದ್ದು. ಗಾಯಕ ಉಸಿರೆಳೆದ ಸದ್ದು ಕೂಡ ಎಷ್ಟೋ ಸಲ ಅಳಿಸಿಹೋಗಿರುತ್ತದೆ. ಹಾಗಾಗಿ ಕೆಳಗೆ ಹೇಳುವ ಎಲ್ಲ ಹೆಜ್ಜೆಗಳ ಹಿಂದೆ ಇರುವುದು ಒಂದೇ ಪಟ್ಟು: ಮುಂದೆ ನಿಂತಿರುವ ಗಂಟಲುಗಳಿಗೆ ಬರೆಯಿರಿ, ಮೂಲಕ್ಕೆ ನಿಷ್ಠೆ ಆಮೇಲಿನ ಮಾತು.

ಸರಿಗಮ ಗೊತ್ತಿದ್ದು, ಹಾರ್ಮೋನಿಯಂ ಅಥವಾ ಕೀಬೋರ್ಡನ್ನು ಅಲ್ಪಸ್ವಲ್ಪ ನುಡಿಸಬಲ್ಲ ಯಾರಿಗಾದರೂ ಇದು ಸಾಕು. ಶಾಲೆಯ ಶಿಕ್ಷಕರಿಗೆ, ಅಪಾರ್ಟ್‌ಮೆಂಟಿನ ಹಾಡುಬಳಗದವರಿಗೆ, ಹೊರದೇಶದ ಕನ್ನಡ ಕೂಟಗಳಲ್ಲಿ ರಾಜ್ಯೋತ್ಸವಕ್ಕೆ ಮಕ್ಕಳನ್ನು ತಯಾರು ಮಾಡುವವರಿಗೆ ಇದೇ ಕ್ರಮ ನಡೆಯುತ್ತದೆ. ಪಾಶ್ಚಾತ್ಯ ಸ್ವರಲಿಪಿ ಬರಲೇಬೇಕೆಂದಿಲ್ಲ.

ಆರಿಸುವ ಮುನ್ನ ಟ್ರ್ಯಾಕ್ ನಿಲ್ಲಿಸಿ ಹಾಡಿ ನೋಡಿ

ಹಾಡು ಹಿಟ್ ಆಗಿದೆ ಎಂಬುದು ಆಯ್ಕೆಗೆ ಸಾಲದು. ಫೋನ್ ಪಕ್ಕಕ್ಕಿಟ್ಟು, ಬರೀ ಬೆರಳಲ್ಲಿ ತಾಳ ಹಾಕಿಕೊಂಡು ಹಾಡನ್ನು ಪೂರ್ತಿ ಹಾಡಿ. ಆಗಲೂ ಅದು ಹಾಡಿನಂತೆ ಕೇಳಿಸಿದರೆ ವೃಂದಕ್ಕೆ ಆಗಿಬರುತ್ತದೆ. ಈಚಿನ ಅನೇಕ ಹಾಡುಗಳ ಜೀವ ಇರುವುದು ಬೀಟ್‌ನಲ್ಲಿ, ಗಿಟಾರಿನ ಒಂದು ಎಳೆಯಲ್ಲಿ, ಗಾಯಕನ ದನಿಯ ಬಿರುಕಿನಲ್ಲಿ. ಅವನ್ನು ತೆಗೆದರೆ ಉಳಿಯುವುದು ಒಂದೇ ಸ್ವರದ ಮೇಲೆ ಸುರಿಯುವ ಮಾತುಗಳು. ಅಂಥವನ್ನು ಬಿಡಿ.

ನಾನು ಹುಡುಕುವುದು ಇಂಥ ಹಾಡು: ಪಲ್ಲವಿ ಎರಡು ಸಲ ಕೇಳಿದರೆ ಬಾಯಿಗೆ ಬರಬೇಕು, ಸಾಲುಗಳ ನಡುವೆ ಉಸಿರಿಗೆ ಜಾಗ ಇರಬೇಕು, ಉದ್ದದ ಸ್ವರಗಳು ಒಂದಿಷ್ಟಾದರೂ ಇರಬೇಕು. ಉದ್ದದ ಸ್ವರ ಇಲ್ಲದ ಹಾಡಿನಲ್ಲಿ ಎರಡನೆಯ ದನಿಗೆ ಕೂರಲು ಸ್ಥಳವೇ ಸಿಗುವುದಿಲ್ಲ. ಇನ್ನೊಂದು ಮಾತು, ಸಾಹಿತ್ಯ. ನಾಯಕನ ವಿರಹವನ್ನೋ ಕುಡಿತವನ್ನೋ ಹನ್ನೊಂದು ವರ್ಷದ ಮಗು ಹಾಡುವುದು ಸಭೆಯಲ್ಲಿ ನಗು ತರಿಸುತ್ತದೆ, ಮಗುವಿಗೆ ಮುಜುಗರ. ಊರು, ಮಳೆ, ಗೆಳೆತನ, ಅಮ್ಮ, ನಾಡು, ಕನಸು ಇವುಗಳ ಮೇಲೆ ಬೇಕಾದಷ್ಟು ಹಾಡುಗಳಿವೆ. ಸ್ಪರ್ಧೆಗೆ ಹೋಗುವುದಾದರೆ ಆ ವರ್ಷದ ನಿಯಮಪತ್ರವನ್ನು ಮೊದಲೇ ಓದಿ. ಸಿನಿಮಾ ಹಾಡಿಗೆ ಅವಕಾಶ ಇದೆಯೇ, ಎಷ್ಟು ನಿಮಿಷ, ಎಷ್ಟು ಮಂದಿ ಎಂಬುದು ಅಲ್ಲಿರುತ್ತದೆ.

ಗಂಟಲುಗಳ ಅಳತೆ

ಈ ಹೆಜ್ಜೆಯನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ. ಒಂದು ಪೀರಿಯಡ್ ಇದಕ್ಕೇ ಕೊಡಿ. ನಾಲ್ಕು ನಾಲ್ಕು ಮಕ್ಕಳನ್ನು ಕರೆದು, ಶ್ರುತಿ ಹಿಡಿದು, "ಆ" ಎಂದು ಒಂದೊಂದೇ ಸ್ವರ ಕೆಳಗಿಳಿಸಿ. ದನಿ ಗಾಳಿಯಾಗುವ ಜಾಗ ಅವರ ತಳ. ಮೇಲಕ್ಕೂ ಹಾಗೆಯೇ, ಕತ್ತಿನ ನರ ಉಬ್ಬಿತೆಂದರೆ ಅಲ್ಲಿಗೆ ನಿಲ್ಲಿಸಿ, ಎರಡು ಸ್ವರ ಕೆಳಗೆ ಬಂದು ಗುರುತು ಹಾಕಿಕೊಳ್ಳಿ.

ಐದರಿಂದ ಏಳನೇ ತರಗತಿಯ ಮಕ್ಕಳು, ಹುಡುಗ ಹುಡುಗಿ ಇಬ್ಬರೂ, ಸಾಮಾನ್ಯವಾಗಿ ಹಾಯಾಗಿ ಹಾಡುವುದು ಕೀಬೋರ್ಡಿನ ನಡು ಸಿ ಯಿಂದ ಮೇಲಿನ ಡಿ ವರೆಗೆ. ಸ್ವಲ್ಪ ಪಳಗಿದ ಮೇಲೆ ಕೆಳಗಿನ ಎ ತನಕ ಇಳಿಯುತ್ತಾರೆ. ಇನ್ನೂ ಚಿಕ್ಕವರಿಗೆ ಇದಕ್ಕಿಂತ ಕಿರಿದು. ಗಂಡು ದನಿಯ ಸಿನಿಮಾ ಹಾಡು ಇಲ್ಲೇ ಕೈಕೊಡುವುದು. ಗಾಯಕ ನಡು ಸಿ ಗೆ ಐದಾರು ಸ್ವರ ಕೆಳಗೆ ಶುರುಮಾಡಿ ಅಷ್ಟೇ ಮೇಲಕ್ಕೆ ಹೋಗಿರುತ್ತಾನೆ. ಅದೇ ಶ್ರುತಿಯಲ್ಲಿ ಮಕ್ಕಳು ಹಾಡಿದರೆ ಕೆಳಗಿನ ಅರ್ಧ ಮಾಯ. ಒಂದು ಸ್ಥಾಯಿ ಮೇಲೆತ್ತಿದರೆ ಮೇಲಿನ ಅರ್ಧ ಕೂಗು. ಟ್ರ್ಯಾಕಿನ ಶ್ರುತಿಯಲ್ಲಿ ಇದಕ್ಕೆ ಪರಿಹಾರವೇ ಇಲ್ಲ.

ಎಂಟರಿಂದ ಹತ್ತನೇ ತರಗತಿಯ ಹುಡುಗರದು ಬೇರೆಯೇ ಕತೆ. ದನಿ ಒಡೆಯುವ ಕಾಲ. ಇವತ್ತು ಸಿಕ್ಕ ಸ್ವರ ಮುಂದಿನ ತಿಂಗಳು ಸಿಗುವುದಿಲ್ಲ. ಎಷ್ಟೋ ಶಾಲೆಗಳಲ್ಲಿ ಈ ಹುಡುಗರಿಗೆ "ಹಿಂದೆ ನಿಂತು ಸುಮ್ಮನೆ ಬಾಯಾಡಿಸು" ಎನ್ನುತ್ತಾರೆ, ಹಾಗೆ ಹಾಡು ಬಿಟ್ಟವರು ಆಮೇಲೆ ಜೀವಮಾನದಲ್ಲಿ ಹಾಡುವುದಿಲ್ಲ. ಇವರಿಗೆ ಐದಾರು ಸ್ವರಗಳೊಳಗೆ ಓಡಾಡುವ ಪ್ರತ್ಯೇಕ ಸಾಲು ಬರೆಯಬೇಕು. ದನಿ ಪೂರ್ತಿ ಇಳಿದವರಿಗೆ ನಡು ಸಿ ಯ ಕೆಳಗಿನ ಒಂದು ಸ್ಥಾಯಿ ಸಾಕು. ಇನ್ನೂ ಇಳಿಯುತ್ತಿರುವವರು ಅದರ ಮೇಲರ್ಧದಲ್ಲಿ ಇರಲಿ.

ಶ್ರುತಿ ಇಡುವುದು ಲೆಕ್ಕದ ಕೆಲಸ

ಹಾಡಿನ ಅತಿ ಕೆಳಗಿನ ಸ್ವರ, ಅತಿ ಮೇಲಿನ ಸ್ವರ ಎರಡನ್ನೂ ಬರೆದುಕೊಳ್ಳಿ. ನಡುವೆ ಕಪ್ಪು ಬಿಳಿ ಸೇರಿ ಎಷ್ಟು ಮನೆ ಏರಬೇಕು ಎಂದು ಎಣಿಸಿ. ಒಂದು ಸ್ಥಾಯಿಗೆ 12. ಹೊಸಬರ ವೃಂದಕ್ಕೆ 15ರಿಂದ 17 ಮನೆ ಮಿತಿ.

ಎರಡು ಹಾಡು ತೆಗೆದುಕೊಳ್ಳೋಣ. ಒಂದು ಕೆಳಗಿನ ಪಂಚಮದಿಂದ ಮೇಲಿನ ಷಡ್ಜದವರೆಗೆ ಹೋಗುತ್ತದೆ, 17 ಮನೆ. ಇನ್ನೊಂದು ಕೆಳಗಿನ ನಿಷಾದದಿಂದ ಮೇಲಿನ ಗಾಂಧಾರದವರೆಗೆ, ಅದೂ 17. ಮಕ್ಕಳ ಮಿತಿ ಕೆಳ ಎ ಯಿಂದ ಮೇಲಿನ ಡಿ ಎಂದಿಟ್ಟುಕೊಂಡರೆ ಮೊದಲ ಹಾಡಿಗೆ ಷಡ್ಜ ಡಿ ಯಲ್ಲಿ, ಅಂದರೆ ಬಿಳಿ ಎರಡರಲ್ಲಿ ಕೂರುತ್ತದೆ. ಎರಡನೆಯದಕ್ಕೆ ಎ ಮೇಲಿನ ಕಪ್ಪು ಮನೆ, ಅಂದರೆ ಕಪ್ಪು ಐದು. ಅಗಲ ಒಂದೇ ಆದರೂ ಶ್ರುತಿ ಬೇರೆ. "ನಮ್ಮ ಮಕ್ಕಳ ಶ್ರುತಿ ಇಷ್ಟು" ಎಂದು ಒಂದೇ ಮನೆಗೆ ಎಲ್ಲ ಹಾಡನ್ನೂ ಕಟ್ಟಿಹಾಕುವ ಅಭ್ಯಾಸ, ಕಛೇರಿಯ ಗಾಯಕರಿಗೆ ಸರಿಹೋದೀತು, ವೃಂದಕ್ಕೆ ಹಿಡಿಸುವುದಿಲ್ಲ.

ಬೆಳಗಿನ ಪ್ರಾರ್ಥನೆಯಲ್ಲಿ ಇದನ್ನು ಸುಲಭವಾಗಿ ಪರೀಕ್ಷಿಸಬಹುದು. ಕುವೆಂಪು ಅವರ ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷದ ಅವಧಿ ಎಂದು ಸರ್ಕಾರ 2022ರಲ್ಲಿ ಗೊತ್ತುಮಾಡಿತು. ಯಾವ ಮನೆಯಿಂದ ಎತ್ತಿಕೊಳ್ಳಬೇಕೆಂಬುದು ಮಾತ್ರ ಆಯಾ ಶಾಲೆಯಲ್ಲಿ ಮುಂದಾಳಾಗಿ ನಿಂತ ಹುಡುಗಿಯ ಕೈಯಲ್ಲಿ. ಅವಳು ಎರಡು ಮನೆ ಮೇಲೆ ಎತ್ತಿಕೊಂಡ ದಿನ, ಇಳಿಸಿ ಎತ್ತಿಕೊಂಡ ದಿನ ಇಡೀ ಮೈದಾನದ ದನಿ ಹೇಗೆ ಬದಲಾಗುತ್ತದೆ ಎಂದು ಗಮನಿಸಿ.

ಹಾಡಿನ ಅಗಲವೇ 20, 21 ಮನೆ ಇದ್ದರೆ? ಕೆಳಗಿಳಿಯುವ ಸಾಲನ್ನು ಹುಡುಗರಿಗೆ ಕೊಡಿ. ಅಥವಾ ಆ ಸಾಲನ್ನು ಒಂದು ಸ್ಥಾಯಿ ಎತ್ತಿ. ಆದರೆ ಸಾಲಿನ ಮೊದಲಲ್ಲೇ ಎತ್ತಬೇಕು, ಪದದ ನಡುವೆ ಎತ್ತಿದರೆ ಎಡವಿದಂತೆ ಕೇಳುತ್ತದೆ. ಅದೂ ಆಗದಿದ್ದರೆ ತುದಿಯ ಒಂದೆರಡು ಸ್ವರಗಳನ್ನು ಅದೇ ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲಿನ) ಹತ್ತಿರದ ಸ್ವರಕ್ಕೆ ಬದಲಿಸಿ. ಅಪಚಾರವೇನಲ್ಲ.

ನಾಲ್ಕೂವರೆ ನಿಮಿಷವನ್ನು ಮೂರಕ್ಕೆ ಇಳಿಸಿ

ಸಿನಿಮಾ ಹಾಡಿನ ಬಿಜಿಎಂ, ಅಂದರೆ ನಡುನಡುವಿನ ವಾದ್ಯಸಂಗೀತ, ಇರುವುದು ತೆರೆಯ ಮೇಲೆ ನಾಯಕ ಬೆಟ್ಟ ಹತ್ತಿ ಇಳಿಯುವುದಕ್ಕೆ. ವೇದಿಕೆಯ ಮೇಲೆ ಅಷ್ಟು ಹೊತ್ತು ನಲವತ್ತು ಮಕ್ಕಳು ಕೈಕಟ್ಟಿ ನಿಂತರೆ ಸಭೆ ಮಾತಿಗೆ ಶುರುವಿಡುತ್ತದೆ. ಹದಿನಾರು ಆವರ್ತದ ಬಿಜಿಎಂ ಅನ್ನು ನಾಲ್ಕಕ್ಕೆ ಕತ್ತರಿಸಿ, ಅದರ ಎದ್ದು ಕಾಣುವ ತುಣುಕನ್ನು ಮಾತ್ರ ಮಕ್ಕಳಿಂದಲೇ ಹಾಡಿಸಿ. ಕೊಳಲಿನ ತುಣುಕು "ತಾನನ"ಕ್ಕೆ ಚೆನ್ನಾಗಿ ಬಗ್ಗುತ್ತದೆ, ತಂತಿವಾದ್ಯದ್ದು "ದುಂ ದುಂ"ಗೆ.

ನಾನು ಸಾಮಾನ್ಯವಾಗಿ ಹಾಕಿಕೊಳ್ಳುವ ನಕ್ಷೆ ಹೀಗೆ. ಶುರುವಿಗೆ ನಾಲ್ಕು ಆವರ್ತ ಗುನುಗು. ಪಲ್ಲವಿ ಎಲ್ಲರೂ ಒಂದೇ ದನಿಯಲ್ಲಿ. ಮೊದಲ ಚರಣ ಒಬ್ಬಿಬ್ಬರ ಬಿಡಿ ದನಿ, ಹಿಂದೆ ಉಳಿದವರ "ಊ". ಪಲ್ಲವಿ ಮತ್ತೆ, ಈಗ ಎರಡು ದನಿ. ಎರಡನೇ ಚರಣದಲ್ಲಿ ಅರ್ಧ ಕತ್ತರಿ. ಕೊನೆಯ ಪಲ್ಲವಿಗೆ ಮೂರೂ ದನಿ, ಚಪ್ಪಾಳೆ. ಮೊದಲ ಸಾಲಿನಿಂದಲೇ ಎಲ್ಲವನ್ನೂ ತುಂಬಿಬಿಟ್ಟರೆ ಕೊನೆಗೆ ಹೋಗಲು ಜಾಗವೇ ಇರುವುದಿಲ್ಲ.

ಕೊನೆಯ ಪಲ್ಲವಿಯಲ್ಲಿ ಶ್ರುತಿಯನ್ನು ಒಂದು ಮನೆ ಏರಿಸುವ ಉಪಾಯ ಟಿವಿ ರಿಯಾಲಿಟಿ ಶೋಗಳಿಂದ ಎಲ್ಲರಿಗೂ ಪರಿಚಿತ. ಕೀಬೋರ್ಡ್ ಜೊತೆಗಿದ್ದರೆ ಮಾಡಿ. ವಾದ್ಯವಿಲ್ಲದೆ ಹಾಡುವ ಹೊಸ ವೃಂದದಲ್ಲಿ ಶ್ರುತಿ ತಾನಾಗಿಯೇ ಇಳಿಯುತ್ತಿರುತ್ತದೆ. ಅಲ್ಲಿ ಏರಿಸಲು ಹೋದರೆ ಏರಿದ್ದೂ ಇಳಿದದ್ದೂ ಸೇರಿ ಮೊದಲಿದ್ದ ಜಾಗಕ್ಕೇ ಬಂದು ನಿಲ್ಲುತ್ತೀರಿ.

ರಾಗವನ್ನು ಬೋಳಿಸಿ

ಗಾಯಕ ಪ್ರತಿ ಸಲ ಪಲ್ಲವಿಯನ್ನು ಬೇರೆ ಬೇರೆ ರೀತಿ ಹಾಡಿರುತ್ತಾನೆ. ಒಂದು ಕಡೆ ತಾಳಕ್ಕಿಂತ ಸ್ವಲ್ಪ ಮುಂಚೆ, ಇನ್ನೊಂದು ಕಡೆ ಎಳೆದು, ಮತ್ತೊಂದು ಕಡೆ ಒಂದು ಬಿರ್ಕಾ (ಸರಸರನೆ ಓಡುವ ಸ್ವರಗಳ ಸುರುಳಿ) ಸೇರಿಸಿ. ನಲವತ್ತು ಮಕ್ಕಳು ಇದನ್ನೆಲ್ಲ ತಮಗೆ ನೆನಪಿದ್ದ ಹಾಗೆ ಹಾಡಿದರೆ ಸಿಗುವುದು ಗದ್ದಲ. ಒಂದೇ ರೂಪ ಆರಿಸಿ, ಸ್ವರ ಬರೆದು, ಪ್ರತಿ ಅಕ್ಷರ ತಾಳದ ಎಷ್ಟನೇ ಎಣಿಕೆಗೆ ಬೀಳುತ್ತದೆ ಎಂದು ಗುರುತು ಮಾಡಿ. ತಾಳಕ್ಕೆ ಮುಂಚೆ ಬೀಳುವ ಎತ್ತುಗಡೆ ಹಾಡಿನ ಗುರುತೇ ಆಗಿದ್ದರೆ ಉಳಿಸಿಕೊಳ್ಳಿ, ಉಳಿದವನ್ನು ತಾಳದ ಮೇಲೆ ಇಳಿಸಿ. ಬಿರ್ಕಾ, ಜಾರು, ಸಂಗತಿ ಯಾವುದಿದ್ದರೂ ಬಿಡಿ ದನಿಯ ಮಗುವಿಗೆ. ವೃಂದಕ್ಕೆ ನೇರ ಸ್ವರ.

ಕರ್ನಾಟಕ ಸಂಗೀತ ಕಲಿಯುತ್ತಿರುವ ಮಕ್ಕಳು ಗುಂಪಿನಲ್ಲಿದ್ದರೆ ಅವರಿಗೆ ಗಮಕ ತಡೆಹಿಡಿಯುವುದೇ ಕಷ್ಟ. ಅವರನ್ನು ಗದರಬೇಡಿ, ಬಿಡಿ ದನಿಗೆ ಅವರೇ ಆಗುತ್ತಾರೆ.

ಎರಡನೆಯ ದನಿ ಎಲ್ಲಿಂದ ತರುವುದು

ಹಾರ್ಮನಿ ಎಂದೊಡನೆ ನಾಲ್ಕು ದನಿಗಳ ಚರ್ಚ್ ಗಾಯನ ಕಣ್ಣಮುಂದೆ ಬರುತ್ತದೆ. ಅದು ನಮ್ಮಲ್ಲಿ ಹೊಸದಲ್ಲ; ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಕರಾವಳಿಯ ಚರ್ಚುಗಳಲ್ಲಿ ಈ ಪದ್ಧತಿ ಬೇರೂರಿತು. ಭಾರತೀಯ ಭಾಷೆಗಳ ಹಾಡಿಗೆ ಹಲವು ದನಿ ಜೋಡಿಸಿದ ಪರಂಪರೆಯೂ ಇದೆ. 1958ರಲ್ಲಿ ಶುರುವಾದ ಕಲ್ಕತ್ತಾ ಯೂತ್ ಕಾಯರ್, ಎಂ.ಬಿ. ಶ್ರೀನಿವಾಸನ್ ಕಟ್ಟಿದ ಮದ್ರಾಸ್ ಯೂತ್ ಕಾಯರ್ ಈ ದಾರಿಯಲ್ಲಿ ದುಡಿದವು. 2010ರಲ್ಲಿ ಟಿವಿ ಸ್ಪರ್ಧೆ ಗೆದ್ದ ಶಿಲ್ಲಾಂಗ್ ಚೇಂಬರ್ ಕಾಯರ್ ಹಿಂದಿ ಸಿನಿಮಾ ಹಾಡುಗಳನ್ನು ಹೇಗೆ ತಿರುಗಿಸಿ ಕಟ್ಟುತ್ತದೆ ಎಂದು ಕೇಳಿದರೆ ಒಳ್ಳೆಯ ಪಾಠ ಸಿಗುತ್ತದೆ. ಆದರೆ ಅಲ್ಲಿಗೇ ಹಾರಬೇಡಿ. ಮೆಟ್ಟಿಲುಗಳಿವೆ.

ಮೊದಲ ಮೆಟ್ಟಿಲು ಶ್ರುತಿ ಹಿಡಿಯುವುದು: ಕಾಲು ಭಾಗ ಮಕ್ಕಳು ಷಡ್ಜವನ್ನೋ ಪಂಚಮವನ್ನೋ "ಊ" ಎಂದು ಹಿಡಿದಿರುತ್ತಾರೆ, ಉಳಿದವರು ಹಾಡುತ್ತಾರೆ. ಎರಡನೆಯದು ಸೊಲ್ಲಿಗೆ ಸೊಲ್ಲು. ಭಜನೆಯಲ್ಲಿ, ಸೋಬಾನೆಯಲ್ಲಿ, ಕಂಸಾಳೆಯವರ ಹಾಡಿನಲ್ಲಿ ಇರುವುದೇ ಇದು. ಒಬ್ಬರು ಹೇಳಿದ್ದನ್ನು ಗುಂಪು ಹಿಡಿದುಕೊಳ್ಳುತ್ತದೆ. ಪಲ್ಲವಿಯ ಕೊನೆಯ ಎರಡು ಪದವನ್ನು ಗುಂಪಿಗೆ ಕೊಟ್ಟರೂ ಹಾಡಿಗೆ ಆಳ ಬರುತ್ತದೆ. ಮೂರನೆಯದು ಪುನರಾವರ್ತನೆಯ ಸಾಲು: ಹಾಡಿನದೇ ಒಂದು ಪದ, ಎರಡು ಮೂರು ಸ್ವರ, ಕೊನೆಯತನಕ ತಿರುಗುತ್ತಿರುತ್ತದೆ. ನಾಲ್ಕನೆಯದು ಬೆನ್ನಟ್ಟು, ಅಂದರೆ ಒಂದು ಗುಂಪು ಒಂದು ಆವರ್ತ ತಡವಾಗಿ ಅದೇ ಸಾಲನ್ನು ಶುರುಮಾಡುವುದು. ಹಾಡು ಮೋಹನದಂಥ ಐದು ಸ್ವರದ ರಾಗದ ಮೇಲಿದ್ದರೆ ಇದು ಹೆಚ್ಚುಕಡಿಮೆ ತಾನಾಗಿಯೇ ಕೂಡಿಕೊಳ್ಳುತ್ತದೆ, ಏಕೆಂದರೆ ಸ ರಿ ಗ ಪ ದ ಇವುಗಳಲ್ಲಿ ಯಾವ ಎರಡು ಒಟ್ಟಿಗೆ ಬಂದರೂ ಕಿವಿ ಸಹಿಸುತ್ತದೆ. ಬೇರೆ ಹಾಡುಗಳಲ್ಲಿ ಮೊದಲು ಫೋನಿಗೆ ಎರಡೂ ಸಾಲು ಹಾಡಿಕೊಂಡು ಪರೀಕ್ಷಿಸಿ.

ಈ ನಾಲ್ಕರಲ್ಲೇ ಒಂದು ಇಡೀ ಕಾರ್ಯಕ್ರಮ ನಡೆಸಬಹುದು. ಮೊದಲ ವರ್ಷ ಅಷ್ಟೇ ಮಾಡಿ ಎಂದು ನನ್ನ ಸಲಹೆ.

ಐದನೆಯ ಮೆಟ್ಟಿಲು: ನಿಜವಾದ ಎರಡನೆಯ ಸಾಲು

ಮೊದಲು ಹಾಡಿನ ಕಾರ್ಡ್‌ಗಳನ್ನು ಹಿಡಿಯಿರಿ. ಬೇಸ್ ಗಿಟಾರ್ ಪ್ರತಿ ಆವರ್ತದ ಮೊದಲಲ್ಲಿ ಯಾವ ಸ್ವರ ಹೊಡೆಯುತ್ತದೆ ಎಂದು ಕೇಳಿ ಬರೆದುಕೊಂಡರೆ ಮುಕ್ಕಾಲು ಕೆಲಸ ಆಯಿತು. ಇಂಟರ್‌ನೆಟ್ಟಿನಲ್ಲಿ ಸಿಗುವ ಕಾರ್ಡ್ ಪಟ್ಟಿಗಳಲ್ಲಿ ತಪ್ಪು ಬಹಳ, ಕಿವಿಯನ್ನೇ ನಂಬಿ. ಮೂಲದಲ್ಲಿ ಏಳೆಂಟು ಕಾರ್ಡ್ ಇದ್ದರೂ ಮೂರು ನಾಲ್ಕಕ್ಕೆ ಇಳಿಸಿಕೊಳ್ಳಬಹುದು.

ಉದಾಹರಣೆಗೆ ನಾನೇ ಹೆಣೆದ ಒಂದು ಸಾಲು, ಶಂಕರಾಭರಣದ ಸ್ವರಗಳಲ್ಲಿ, ನಾಲ್ಕು ಎಣಿಕೆಯ ನಾಲ್ಕು ಆವರ್ತ. ಕಾರ್ಡ್‌ಗಳು ಕ್ರಮವಾಗಿ ಸ-ಗ-ಪ, ದ-ಸ-ಗ, ಮ-ದ-ಸ, ಪ-ನಿ-ರಿ. ಸಿನಿಮಾ ಹಾಡುಗಳಲ್ಲಿ ಈ ಸರಣಿ ಎಷ್ಟು ಸಲ ಬರುತ್ತದೆಂದು ಒಮ್ಮೆ ಗುರುತಿಸಿದರೆ ಆಮೇಲೆ ಎಲ್ಲೆಲ್ಲೂ ಅದೇ ಕೇಳಿಸುತ್ತದೆ.

ಮುಖ್ಯ ಸಾಲು: ಗ ಗ ಪ ಗ | ಗ – ರಿ ಗ | ದ – ಪ ಮ | ರಿ – – –
ಎರಡನೆಯ ದನಿ: ಸ – – – | ಸ – – – | ಸ – – – | ನಿ – – –
ಹುಡುಗರ ದನಿ: ಸ – – – | ದ – – – | ಮ – – – | ಪ – – –

ಎರಡನೆಯ ದನಿಯ ನಿ ಕೆಳಗಿನದು, ಷಡ್ಜಕ್ಕೆ ಒಂದು ಮನೆ ಮಾತ್ರ ಕೆಳಗೆ. ಹುಡುಗರ ಸ್ವರಗಳೆಲ್ಲ ಅವರ ಸ್ಥಾಯಿಯವು, ಮಕ್ಕಳಿಗಿಂತ ಒಂದು ಸ್ಥಾಯಿ ಕೆಳಗೆ.

ಎರಡನೆಯ ದನಿ ಎಷ್ಟು ಸೋಮಾರಿ ನೋಡಿ. ಮೂರು ಆವರ್ತ ಕದಲುವುದಿಲ್ಲ, ನಾಲ್ಕನೆಯದಕ್ಕೆ ಒಂದು ಮನೆ ಇಳಿಯುತ್ತದೆ. ಆದರೂ ಕಾರ್ಡ್ ಬದಲಾದ ಹಾಗೆಲ್ಲ ಅದೇ ಷಡ್ಜ ಬೇರೆ ಬೇರೆ ಬಣ್ಣದಲ್ಲಿ ಕೇಳುತ್ತದೆ. ಒಳಗಿನ ದನಿ ಬರೆಯುವ ಗುಟ್ಟು ಇಷ್ಟೇ: ಮುಂದಿನ ಕಾರ್ಡಿನಲ್ಲೂ ಈಗಿನ ಸ್ವರ ಇದ್ದರೆ ಅಲ್ಲೇ ನಿಲ್ಲಿ, ಇಲ್ಲದಿದ್ದರೆ ಅತಿ ಹತ್ತಿರದ ಸ್ವರಕ್ಕೆ ಹೋಗಿ.

ಹುಡುಗರ ದನಿಯಲ್ಲಿ ಬೇಸ್ ಗಿಟಾರಿನಂತೆ ಷಡ್ಜದಿಂದ ಕೆಳಗಿನ ದ, ಮ, ಪಗಳಿಗೆ ಇಳಿಯಬಹುದಿತ್ತು. ಷಡ್ಜ ಬಿಳಿ ಎರಡರಲ್ಲಿದ್ದರೆ ಆ ಮಧ್ಯಮ ಒಂಬತ್ತನೇ ತರಗತಿಯ ಹುಡುಗನಿಗೆ ಪಾತಾಳ. ಅದಕ್ಕೇ ಅವನ್ನು ಷಡ್ಜದ ಮೇಲೆಯೇ ಇಟ್ಟಿದ್ದೇನೆ. ಆರು ಸ್ವರದೊಳಗೆ ಅವರ ಕೆಲಸ ಮುಗಿಯುತ್ತದೆ.

ಇನ್ನು ಎಲ್ಲರೂ ಮೊದಲು ಮಾಡುವ ಉಪಾಯ, ಮುಖ್ಯ ಸಾಲಿಗೆ ಮೂರನೆಯ ಸ್ವರವನ್ನು ಉದ್ದಕ್ಕೂ ಅಂಟಿಸುವುದು. ಗಾಂಧಾರಕ್ಕೆ ಮೇಲೆ ಪಂಚಮ, ಧೈವತಕ್ಕೆ ಮೇಲಿನ ಷಡ್ಜ, ಹೀಗೆ. ಮೇಲಿನ ಉದಾಹರಣೆಯ ಎರಡನೇ ಆವರ್ತದಲ್ಲಿ ಹಾಗೆ ಮಾಡಿದರೆ ಪಂಚಮ ಬಂದು ಹುಡುಗರ ಧೈವತದ ಜೊತೆ ತಿಕ್ಕಾಡುತ್ತದೆ. ಮೂರನೆಯ ಸ್ವರ ಕಾರ್ಡಿನೊಳಗೆ ಬೀಳುವ ಕಡೆ ಮಾತ್ರ ಬಳಸಿ, ಅದೂ ಪಲ್ಲವಿಯ ಕೊನೆಯ ಸಾಲಿಗೆ ಮೀಸಲಿಡಿ. ಹಾಡಿನುದ್ದಕ್ಕೂ ಬಳಸಿದರೆ ಜಿಂಗಲ್ ಆಗಿಬಿಡುತ್ತದೆ. ಹಾಡು ಸ್ಪಷ್ಟವಾಗಿ ಒಂದು ರಾಗದ ಮೇಲೆ ನಿಂತಿದ್ದರೆ, ಉದಾಹರಣೆಗೆ ಹಿಂದೋಳ, ರಾಗದಲ್ಲಿಲ್ಲದ ಸ್ವರವನ್ನು ಕಾರ್ಡಿನ ನೆಪದಲ್ಲಿ ತರಬೇಡಿ. ಅಲ್ಲಿ ಶ್ರುತಿ ಹಿಡಿಯುವುದು, ಬೆನ್ನಟ್ಟು ಸಾಕು.

ಕನ್ನಡದ ಪದಗಳು ಮತ್ತು ಉಸಿರು

ಪಾಶ್ಚಾತ್ಯ ವೃಂದಗಳ ಪುಸ್ತಕಗಳಲ್ಲಿ ಪದದ ಕೊನೆಯ ವ್ಯಂಜನ ಎಲ್ಲರಿಂದ ಒಟ್ಟಿಗೆ ಬರುವಂತೆ ಮಾಡಲು ಪುಟಗಟ್ಟಲೆ ಸಲಹೆ ಇರುತ್ತದೆ. ಕನ್ನಡಕ್ಕೆ ಆ ಗೋಜು ಕಡಿಮೆ, ನಮ್ಮ ಪದಗಳು ಹೆಚ್ಚಾಗಿ ಸ್ವರಾಕ್ಷರದಲ್ಲೇ ಮುಗಿಯುತ್ತವೆ. ನಮ್ಮ ತೊಡಕು ಒತ್ತಕ್ಷರ. "ಕಣ್ಣು", "ಬೆಳ್ಳಿ", "ಹಬ್ಬ" ಇಂಥ ಪದಗಳಲ್ಲಿ ಅರ್ಧದಷ್ಟು ಮಕ್ಕಳು ಒತ್ತನ್ನು ಬೇಗ ಮುಚ್ಚುತ್ತಾರೆ, ಉಳಿದವರು ತಡವಾಗಿ. ಯಾವ ಎಣಿಕೆಗೆ ಮುಚ್ಚಬೇಕೆಂದು ಹಾಳೆಯಲ್ಲಿ ಗುರುತು ಹಾಕಿ. ಅನುಸ್ವಾರವೂ ಹಾಗೇ: "ಬಂದೆ" ಎಂಬಲ್ಲಿ ಸ್ವರವನ್ನು "ಬ"ದ ಮೇಲೆ ನಿಲ್ಲಿಸಿ, ಮೂಗಿನ ಸದ್ದನ್ನು ಕೊನೇ ಗಳಿಗೆಗೆ ಇಡಿ.

ಲಘುವಿನ ಮೇಲೆ ಉದ್ದದ ಸ್ವರ ಬಿದ್ದರೆ "ಮನ" ಹೋಗಿ "ಮಾನ" ಆಗುತ್ತದೆ. ಒಬ್ಬ ಗಾಯಕ ಹಾಡಿದಾಗ ಸಂದರ್ಭದಿಂದ ತಿಳಿಯುತ್ತದೆ. ನಲವತ್ತು ದನಿ ಒಟ್ಟಿಗೆ "ಮಾನ" ಎಂದಾಗ ಅರ್ಥವೇ ತಿರುಗುತ್ತದೆ. ಅಲ್ಲಿ ಎಳೆತವನ್ನು ಎರಡನೇ ಅಕ್ಷರಕ್ಕೆ ತಳ್ಳಿ. "ಹ" ಬಿಟ್ಟು "ಆಡು ಆಡುತ್ತೇನೆ" ಎನ್ನುವ ಮಕ್ಕಳು, "ಳ"ಗೆ "ಲ" ಎನ್ನುವವರು ಎಲ್ಲ ಶಾಲೆಯಲ್ಲೂ ಇದ್ದಾರೆ. ಹಾಸ್ಯ ಮಾಡದೆ, ಎಲ್ಲರಿಗೂ ಒಟ್ಟಿಗೆ ತಿದ್ದಿ. ಹೊರದೇಶದ ಮಕ್ಕಳು ಸಾಹಿತ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಓದಿ ಕಲಿಯುತ್ತಾರೆ, ಅದರಲ್ಲಿ "ತ" "ಟ" ಒಂದೇ. ಅವರಿಗೆ ಮೊದಲು ಬಾಯಿಪಾಠ, ಹಾಳೆ ಆಮೇಲೆ.

ಉಸಿರಿನ ಗುರುತನ್ನು ಸಾಹಿತ್ಯದ ಹಾಳೆಯಲ್ಲೇ ಗೆರೆ ಎಳೆದು ತೋರಿಸಿ, ಪದದ ನಡುವೆ ಯಾರೂ ಉಸಿರೆಳೆಯಬಾರದು. ತುಂಬ ಉದ್ದದ ಸಾಲಾದರೆ ಅಕ್ಕಪಕ್ಕದವರು ಬೇರೆ ಬೇರೆ ಜಾಗದಲ್ಲಿ ಕದ್ದು ಉಸಿರಾಡಲಿ. ಹಿನ್ನೆಲೆ ದನಿಗೆ "ಊ" ಮೃದು, "ಆ" ಜೋರು, ಬಾಯಿ ಮುಚ್ಚಿದ ಗುನುಗು ಮೈಕ್ ಇಲ್ಲದೆ ಕೇಳುವುದೇ ಇಲ್ಲ. ಇಂಗ್ಲಿಷ್ ಪಾಪ್‌ನ "ಶಬಡ ಡೂ" ತರುವುದಕ್ಕಿಂತ "ತಂದಾನ" ನಮ್ಮ ಮಕ್ಕಳ ನಾಲಗೆಗೆ ಸಲೀಸು. ತಾಳವಾದ್ಯದ ಬದಲು "ತಕಧಿಮಿ", "ತಕಿಟ" ಸೊಲ್ಲುಗಳನ್ನು ನಾಲ್ಕು ಹುಡುಗರಿಗೆ ಕೊಟ್ಟು ನೋಡಿ; ಹಾಡಲು ನಾಚುವ ಹುಡುಗರೂ ಇದಕ್ಕೆ ಮುಂದೆ ಬರುತ್ತಾರೆ.

ಕಲಿಸುವ ಕ್ರಮ

ಮುಖ್ಯ ಸಾಲು ಮಕ್ಕಳಿಗೆ ಆಗಲೇ ಗೊತ್ತು. ಅದರಿಂದ ಶುರುಮಾಡಿದರೆ ಎರಡನೆಯ ದನಿಯ ಮಕ್ಕಳು ಕೊನೆತನಕ ಅದಕ್ಕೇ ಜಾರುತ್ತಾರೆ. ಎರಡನೆಯ ದನಿಯನ್ನು ಮೊದಲು, ಎಲ್ಲರಿಗೂ ಕಲಿಸಿ. ಆಮೇಲೆ ಹುಡುಗರ ಸಾಲು, ಅದನ್ನೂ ಎಲ್ಲರಿಗೂ, ಅವರವರ ಸ್ಥಾಯಿಯಲ್ಲಿ. ಮೂರನ್ನೂ ಬಲ್ಲ ಮಗು ತನ್ನ ಸಾಲನ್ನು ಬಿಡುವುದಿಲ್ಲ. ಎರಡು ದನಿ ಸೇರಿಸುವಾಗ ಪದ ಬಿಟ್ಟು "ಆ"ಕಾರದಲ್ಲಿ, ಅರ್ಧ ವೇಗದಲ್ಲಿ, ಕಾರ್ಡ್ ಬದಲಾಗುವ ಪ್ರತಿ ಜಾಗದಲ್ಲೂ ನಿಂತು ಕೇಳಿಸಿಕೊಳ್ಳಿ.

ಪ್ರತಿ ದನಿಯನ್ನೂ ಪ್ರತ್ಯೇಕವಾಗಿ ಫೋನಿನಲ್ಲಿ ಮುದ್ರಿಸಿ ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿ. ಕಂಪ್ಯೂಟರ್ ಬಳಸುವವರಿಗೆ ಮ್ಯೂಸ್‌ಸ್ಕೋರ್ ಎಂಬ ಉಚಿತ ತಂತ್ರಾಂಶ ಇದೆ. ಸ್ವರ ತುಂಬಿದರೆ ಒಂದೊಂದೇ ದನಿಯನ್ನು ನುಡಿಸಿ ಕೇಳಿಸುತ್ತದೆ, ಶ್ರುತಿಯನ್ನು ಒಂದು ಕ್ಲಿಕ್ಕಿಗೆ ಬದಲಿಸುತ್ತದೆ. ಮಕ್ಕಳ ಕೈಗೆ ಮಾತ್ರ ಸರಿಗಮ ಮತ್ತು ಸಾಹಿತ್ಯ ಇರುವ ಒಂದೇ ಹಾಳೆ ಸಾಕು.

ಪಕ್ಕವಾದ್ಯಕ್ಕೆ ಕೀಬೋರ್ಡ್, ಒಂದು ತಬಲಾ ಅಥವಾ ಕಹೋನ್ (ಕೈಯಲ್ಲಿ ಬಾರಿಸುವ ಮರದ ಪೆಟ್ಟಿಗೆ). ಕರೋಕೆ ಟ್ರ್ಯಾಕನ್ನು ನಾನು ಯಾರಿಗೂ ಹೇಳುವುದಿಲ್ಲ. ಅದರ ವೇಗ ಗಟ್ಟಿ, ನಡುವೆ ಮಕ್ಕಳು ಒಂದು ಸಾಲು ತಪ್ಪಿದರೆ ಕಾಯುವುದಿಲ್ಲ, ಜೊತೆಗೆ ನೀವು ಕತ್ತರಿಸಿದ ಬಿಜಿಎಂ ಅದರಲ್ಲಿ ಹಾಗೇ ಕೂತಿರುತ್ತದೆ.

ವೇದಿಕೆ

ಎರಡನೆಯ ದನಿಯವರನ್ನು ನಡುವೆ, ಮುಖ್ಯ ಸಾಲಿನವರನ್ನು ಎರಡೂ ಬದಿಗೆ, ಹುಡುಗರನ್ನು ಹಿಂದಿನ ಸಾಲಿನ ಮಧ್ಯಕ್ಕೆ ನಿಲ್ಲಿಸಿ. ಕೈ ಮೈಕನ್ನು ಗುಂಪಿನ ಮಕ್ಕಳಿಗೆ ಕೊಡಬೇಡಿ. ಕೊಟ್ಟರೆ ಸಭೆಗೆ ಆ ಇಬ್ಬರೇ ಕೇಳುತ್ತಾರೆ. ಬಿಡಿ ದನಿಗೆ ಒಂದು, ಗುಂಪಿಗೆ ಸ್ಟ್ಯಾಂಡಿನ ಮೇಲೆ ಎರಡು ಮೂರು, ಮಕ್ಕಳ ತಲೆಗಿಂತ ಸ್ವಲ್ಪ ಎತ್ತರದಲ್ಲಿ, ಒಂದು ಮೀಟರಿನಷ್ಟು ದೂರದಲ್ಲಿ. ಶಾಮಿಯಾನದ ಸೌಂಡ್‌ನವರಿಗೆ ಎಕೋ ಎಂದರೆ ಬಲು ಪ್ರೀತಿ, ಅದನ್ನು ತೆಗೆಸಿ. ಕೀಬೋರ್ಡಿನ 'ಸ' ಮಕ್ಕಳಿಗೆ ಕೇಳುವಂತೆ ಒಂದು ಸ್ಪೀಕರ್ ಅವರ ಕಡೆ ತಿರುಗಿರಲಿ. ಹಾಡು ಶುರುವಿಗೆ ಮುಂಚೆ ಮೂರೂ ದನಿಗಳ ಮೊದಲ ಸ್ವರ ನುಡಿಸಿ, ಗುನುಗಿಸಿ, ಆಮೇಲೆ ಕೈ ಎತ್ತಿ.

ಹಕ್ಕಿನ ವಿಷಯ

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಗೀತ ಕೃತಿಯ ಜೋಡಣೆಯೂ ರೂಪಾಂತರವೇ, ಅದರ ಹಕ್ಕು ಒಡೆಯರದು. ಆದರೆ ಅದೇ ಕಾಯ್ದೆಯ 52ನೇ ಕಲಮು ಶಾಲೆಗಳಿಗೆ ಬಾಗಿಲು ತೆರೆದಿದೆ: ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಶಿಕ್ಷಕರು, ವಿದ್ಯಾರ್ಥಿಗಳು ಹಾಡುವುದು, ಕೇಳುವವರು ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು, ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಆಗಿದ್ದರೆ, ಉಲ್ಲಂಘನೆಯಲ್ಲ. ಹವ್ಯಾಸಿ ಸಂಘಗಳು ಟಿಕೆಟ್ ಇಲ್ಲದ ಸಭೆಗೆ ಹಾಡುವುದಕ್ಕೂ ವಿನಾಯಿತಿ ಇದೆ. ಟಿಕೆಟ್ ಇಟ್ಟ ಕಾರ್ಯಕ್ರಮವಾದರೆ ಹಾಡಿನ ಸಾಹಿತ್ಯ, ಸಂಗೀತದ ಪರವಾನಗಿಗೆ ಅವುಗಳ ಹಕ್ಕುದಾರರ ಪರವಾಗಿ ಕೆಲಸ ಮಾಡುವ ಐಪಿಆರ್‌ಎಸ್ ಸಂಸ್ಥೆಯನ್ನು ಕೇಳಬೇಕು. ನೀವು ಬರೆದ ಜೋಡಣೆಯ ಹಾಳೆಯನ್ನು ಅನುಮತಿಯಿಲ್ಲದೆ ಮಾರುವಂತಿಲ್ಲ.

ಯೂಟ್ಯೂಬಿಗೆ ಹಾಕುವುದು ಈ ವಿನಾಯಿತಿಯೊಳಗೆ ಬರುವುದಿಲ್ಲ. ಅಲ್ಲಿನ ಯಂತ್ರ ಹಾಡನ್ನು ಗುರುತಿಸಿದರೆ ಜಾಹೀರಾತಿನ ಹಣ ಒಡೆಯರಿಗೆ ಹೋಗಬಹುದು, ವಿಡಿಯೋ ತಡೆಹಿಡಿಯಲೂಬಹುದು. ಅದಕ್ಕೂ ಮುಂಚೆ ಮಕ್ಕಳ ಮುಖ ಕಾಣುವ ವಿಡಿಯೋಗೆ ಪೋಷಕರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ, ಅಭ್ಯಾಸ ಶುರುವಾಗುವ ವಾರದಲ್ಲೇ. ಕಾರ್ಯಕ್ರಮ ಮುಗಿದ ಮೇಲೆ ಕೇಳಿದರೆ ಅಷ್ಟರಲ್ಲಿ ಆರು ಮಂದಿ ಅಪ್‌ಲೋಡ್ ಮಾಡಿಯಾಗಿರುತ್ತದೆ.